ತಗ್ಗಿನ ಮನೆಯವರಿಗೆ ಮುಂದಿನ ಕುರ್ಚಿ

ಗೆರೆಯಣ್ಣ ಬೇಸರದಿಂದ ಸತ್ತ ಎಂದು ಊರಿನವರು ಹೇಳುತ್ತಾರೆ. ಮೂವತ್ತು ವರ್ಷದ ಯೋಜನೆ ವಾಪಸು ಬಂತು, ಮನಸ್ಸಿಗೆ ಹಚ್ಚಿಕೊಂಡ, ಹೋದ ಎಂದು. ಸುಳ್ಳು. ಅವನು ಸತ್ತದ್ದು ಸಕ್ಕರೆ ಕಾಯಿಲೆಯಿಂದ. ಡಾಕ್ಟರು ಬೇಡವೆಂದ ಹಲ್ವವನ್ನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ತಿಂದದ್ದರಿಂದ. ಯೋಜನೆ ಹಾಳಾದದ್ದು ಬೇರೆಯೇ ಸಂಗತಿ. ಅದನ್ನು ಹಾಳು ಮಾಡಿದ್ದು ಊರಿನವರಾದ ನಾವು. ಅದರಲ್ಲಿ ನನ್ನ ಪಾಲು ನಾಲ್ಕು ಗೇಣು.

ವಾಚನಾಲಯದವರು ಅವನ ಬಗ್ಗೆ ಪುಸ್ತಕ ಮಾಡುತ್ತಾರಂತೆ, ನೆರೆಮನೆಯವಳು ಎಂದು ನನ್ನನ್ನೂ ಬರೆಯಲು ಹೇಳಿದರು. ಉಳಿದವರು ಬರೆದದ್ದನ್ನು ಓದಿ ನೋಡಿದೆ. ಎಲ್ಲರೂ 'ಸರಳ ಸಜ್ಜನ' ಎಂದು ಬರೆದಿದ್ದಾರೆ. ಸರಳ ಹೌದು, ಎರಡೇ ಅಂಗಿ ಇದ್ದದ್ದು. ಸಜ್ಜನ ಎಂದು ನಾನು ಬರೆಯುವುದಿಲ್ಲ, ಹಠಮಾರಿ ಎಂದು ಬರೆಯುತ್ತೇನೆ. ನನಗಿಂತ ಆರು ವರ್ಷ ಸಣ್ಣವ, ಆದ್ದರಿಂದ ಅವನು ಎಂದೇ ಬರೆಯುತ್ತೇನೆ. ಹೆಸರು ಹಾಕಬಾರದು ಎಂದು ಅವನ ಹೆಂಡತಿಯ ಕಟ್ಟಪ್ಪಣೆ. "ಹೆಸರು ಹಾಕಿದ್ರೆ ಇನ್ನೊಂದು ಕಮಿಟಿಗೆ ಸೇರಿಸ್ತಾರೆ ಬಾಯಮ್ಮ" ಎಂದಳು. ಗಂಡನನ್ನು ಸುಟ್ಟು ಬಂದ ಮೇಲೂ ಅವಳಿಗೆ ಆ ಹೆದರಿಕೆ ಹೋಗಿಲ್ಲ.

ವಿದ್ಯಾನಗರದ ಒಂದು ಆಫೀಸಿನಲ್ಲಿ ಅವನು ಪ್ಯೂನ್ ಆಗಿದ್ದ. ನಮ್ಮೂರು ಶಿರಿಯದಿಂದ ಬೆಳಿಗ್ಗೆ ಬಸ್ಸು ಹತ್ತುವಾಗ ಅಂಗಿಗೆ ಎಷ್ಟು ಇಸ್ತ್ರಿ ಇರುತ್ತಿತ್ತೋ ಸಂಜೆ ಇಳಿಯುವಾಗಲೂ ಅಷ್ಟೇ ಇರುತ್ತಿತ್ತು. ದಿನವಿಡೀ ಬಾಗಿಲ ಹೊರಗೆ ನಿಂತವನ ಅಂಗಿ ಮುದುಡುವುದು ಹೇಗೆ? ಸಾಹೇಬರ ಬಾಗಿಲು ತಟ್ಟಿ ತಟ್ಟಿ ಕೈಗೆ ಅದೇ ಅಭ್ಯಾಸ ಹಿಡಿದಿತ್ತು. ಬಾಗಿಲು ತೆರೆದಿರಲಿ, ಮುಚ್ಚಿರಲಿ, ಎರಡು ಸಲ ತಟ್ಟದೆ ಒಳಗೆ ಬಂದವನಲ್ಲ. ಒಮ್ಮೆ ನಾನು ಅಂಗಳದಲ್ಲಿ ಕೂತು ಮೀನು ಕೊಯ್ಯುತ್ತಿದ್ದೆ. ತಟ್ಟಲಿಕ್ಕೆ ಅಲ್ಲಿ ಬಾಗಿಲೇ ಇಲ್ಲ. ಬಂದವನು ಆಚೀಚೆ ನೋಡಿ ತೆಂಗಿನ ಮರಕ್ಕೆ ಎರಡು ಸಲ ತಟ್ಟಿದ.

"ಬಾ ಮಾರಾಯ, ಮರ ಮನೆಯಲ್ಲೇ ಉಂಟು" ಎಂದೆ.

ನಗಲಿಲ್ಲ. ಗಂಟಲು ಸರಿ ಮಾಡಿಕೊಂಡು ಬಂದ ಕೆಲಸ ಹೇಳಿದ. ಅವನು ನಕ್ಕದ್ದು ಕಡಿಮೆ. ನಗಿಸಿದ್ದು ಜಾಸ್ತಿ, ಅದು ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಕಾಗದ ಹೊತ್ತು ಹೊತ್ತು ಯಾವ ಕಾಗದ ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ಅವನು ದೂರದಿಂದಲೇ ಹೇಳುತ್ತಿದ್ದ. "ಮಡಚಿದ ಕಾಗದ ಮೇಜಿನ ಅಡಿಗೆ ಹೋಗ್ತದೆ. ಸುತ್ತಿದ್ದು ಕಪಾಟಿನ ಮೇಲೆ ಹೋಗ್ತದೆ. ಸಾಹೇಬರು ನೋಡುದು ಹರಡಿದ್ದನ್ನು ಮಾತ್ರ." ಇನ್ನೊಂದು ಮಾತು ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು: "ಅಸಲನ್ನು ಯಾರಿಗೂ ಕೊಡಬಾರದು ಬಾಯಮ್ಮ. ಆಫೀಸಿಗೆ ನಕಲು ಸಾಕು. ಅಸಲು ನಮ್ಮ ಹತ್ರ." ನನ್ನ ರೇಶನ್ ಕಾರ್ಡಿಗೆ ಅರ್ಜಿ ಹಾಕುವಾಗ ನಕಲಿನ ನಕಲು ತೆಗೆಸಿದ. ಅದರಲ್ಲಿ ನನ್ನ ಮುಖ ಸುಟ್ಟ ಅಪ್ಪದ ಹಾಗೆ ಬಂದಿತ್ತು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತಿದ್ದರೆ ನಮಗೆಲ್ಲ ಆರಾಮವಿತ್ತು. ಆದರೆ ಹೊಳೆ ಬಿಡಲಿಲ್ಲ. ಹೊಳೆಯ ಆಚೆ ದಡಕ್ಕೆ ದೊಡ್ಡ ದೊಡ್ಡ ಕಲ್ಲು ಹಾಕಿದರು. ಆಚೆ ಕಾರಿನವರ ಮನೆಗಳು. ನೀರಿಗೆ ಎಲ್ಲಿಗಾದರೂ ಹೋಗಬೇಕಲ್ಲ, ಈಚೆ ಬಂತು. ಮಳೆಯೂ ಮೊದಲಿನ ಹಾಗಲ್ಲ. ತಿಂಗಳಿಡೀ ಸುರಿಯಬೇಕಾದದ್ದು ಎರಡು ದಿನದಲ್ಲಿ ಸುರಿದು ಕೈ ತೊಳೆದುಕೊಳ್ಳುತ್ತದೆ. ಆ ವರ್ಷ ನಮ್ಮ ಮನೆಯ ಕಿಟಕಿಯ ಹಲಗೆಗೆ ನೀರು ಮುಟ್ಟಿತು. ನಮ್ಮ ಮನೆ ಓಣಿಯ ಬಾಯಿಯಲ್ಲಿದೆ. ಓಣಿಯ ಒಳಗೆ ಐದು ಮನೆ, ಒಂದಕ್ಕಿಂತ ಒಂದು ತಗ್ಗು. ಕೊನೆಯದು ಐಸಮ್ಮನದು. ಅವಳು ಕುತ್ತಿಗೆಯವರೆಗಿನ ನೀರಲ್ಲಿ ತಲೆಯ ಮೇಲೆ ಮಿಕ್ಸಿ ಇಟ್ಟುಕೊಂಡು ಹೊರಗೆ ಬಂದಳು. ಗಂಡನ ಫೋಟೊ ಒಳಗೇ ಉಳಿಯಿತು. ಕೇಳಿದ್ದಕ್ಕೆ "ಅವರು ಒಣಗ್ತಾರೆ, ಮಿಕ್ಸಿ ಒಣಗುದಿಲ್ಲ" ಎಂದಳು.

ನೀರು ಇಳಿಯಿತು, ಆದರೆ ಕಡಲಿನಿಂದ ಹೊಳೆ ಹೊತ್ತು ತಂದ ಉಪ್ಪು ಐಸಮ್ಮನ ಬಾವಿಯಿಂದ ಇಳಿಯಲಿಲ್ಲ. ಅಂದಿನಿಂದ ಅವಳು ಎರಡು ಕೊಡ ಹಿಡಿದುಕೊಂಡು ಗುಡ್ಡೆಯ ಮೇಲಿನ ವಕೀಲರ ಗೇಟಿನ ಬಳಿಯ ನಳ್ಳಿಗೆ ಹೋಗುತ್ತಾಳೆ. ದಿನಕ್ಕೆ ನಾಲ್ಕು ಸಲ. ಅವಳಿಗೆ ಅರವತ್ತು ದಾಟಿದೆ.

ಮನೆಗಳ ಗೋಡೆ ಇನ್ನೂ ಒದ್ದೆ ಇರುವಾಗಲೇ ಅವನು ಬಂದ. ದೋಣಿ ಒತ್ತುವ ಬಿದಿರಿನ ಗಳ ಒಂದು ಕೈಯಲ್ಲಿ, ದೋಣಿಗೆ ಬಳಿದು ಉಳಿದ ನೀಲಿ ಪೈಂಟು ಇನ್ನೊಂದು ಕೈಯಲ್ಲಿ. ತೆರೆದ ಬಾಗಿಲಿಗೆ ಎರಡು ಸಲ ತಟ್ಟಿದ. ನೀರಿನ ಕಲೆ ಇದ್ದಲ್ಲಿ ಗಳವನ್ನು ಗೋಡೆಗೆ ನಿಲ್ಲಿಸಿದ, ಅದಕ್ಕೆ ಗಾಯಕ್ಕೆ ಸುತ್ತುವ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಸುತ್ತಿದ, ಆಮೇಲೆ ಗೋಡೆಯ ಮೇಲೆ ಒಂದು ನೀಲಿ ಗೆರೆ ಎಳೆದ. ಗಳ ಸೀಳಿರಬೇಕು, ಅದಕ್ಕೆ ಪ್ಲಾಸ್ಟರು ಎಂದು ನಾನು ಎಣಿಸಿದೆ.

"ಇದೆಂತದು ಮಾರಾಯ, ಗೋಡೆ ಹಾಳು ಮಾಡುದು?"

"ಯೋಜನೆ, ಬಾಯಮ್ಮ. ಮೂವತ್ತು ವರ್ಷದ್ದು. ನೀರು ಮೊದಲು ಎಲ್ಲಿಗೆ ಬರ್ತದೆ ಅಂತ ಗೊತ್ತಾಗ್ಬೇಕಲ್ಲ."

"ಮೂವತ್ತು ವರ್ಷ ನೀನಿರ್ತೀಯಾ?"

"ಇರುದಿಲ್ಲ. ಹಾಗಾಗಿಯೇ ಧೈರ್ಯದಲ್ಲಿ ಮಾಡುದು. ಇರುವವ ಆದ್ರೆ ಬೈಗುಳ ತಿನ್ಬೇಕಲ್ಲ."

ಅಂದಿನಿಂದ ಅವನು ಗೆರೆಯಣ್ಣ.

ಯೋಜನೆಯ ಸಭೆ ಆದಿತ್ಯವಾರ ಅಂಗನವಾಡಿಯಲ್ಲಿ. ನಾವು ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಷ್ಟರಲ್ಲಿ ಕುರ್ಚಿ ಹಾಕಿ ಇಟ್ಟಿರುತ್ತಿದ್ದ. ಅವನದೊಂದು ಕಾನೂನು, ಅದನ್ನು ಯಾವ ಆಫೀಸಿನಲ್ಲಿ ಕಲಿತನೋ ಗೊತ್ತಿಲ್ಲ, ಬಹುಶಃ ಎಲ್ಲಿಯೂ ನೋಡದೆ ಕಲಿತದ್ದು. ಯಾರ ಮನೆಗೆ ನೀರು ಮೊದಲು ಬರುತ್ತದೋ ಅವರಿಗೆ ಮುಂದಿನ ಕುರ್ಚಿ, ಮಾತೂ ಮೊದಲು ಅವರದು. ಗೆರೆ ಕೆಳಗಾದ ಹಾಗೆ ಕುರ್ಚಿ ಹಿಂದೆ. ಗೆರೆಯೇ ಇಲ್ಲದ ಗುಡ್ಡೆಯವರು ಗೋಡೆಗೆ ಒರಗಿ ನಿಲ್ಲಬೇಕು. ಐಸಮ್ಮನಿಗೆ ಕೈ ಇರುವ ಕುರ್ಚಿ. ಅವಳು ಜನ್ಮದಲ್ಲಿ ಸಭೆಯಲ್ಲಿ ಮಾತಾಡಿದವಳಲ್ಲ. ಮೊದಲ ದಿನ ಎದ್ದು "ಉಪ್ಪು" ಎಂದಳು, ಕೂತಳು. ಗೆರೆಯಣ್ಣ ಅದನ್ನು ಬರೆದುಕೊಂಡ.

ವಕೀಲರು ಹಿಂದೆ ನಿಂತಲ್ಲಿಂದ "ಒಂದು ಸೂಚನೆ" ಎಂದರು.

"ಸ್ವಲ್ಪ ತಡೀರಿ ಸಾರ್, ನೀವು ಇಪ್ಪತ್ತೇಳನೆಯವರು" ಎಂದ ಇವನು. ದೊಡ್ಡವರನ್ನು ಬಾಗಿಲಲ್ಲಿ ತಡೆಯುವುದು ಅವನ ಹಳೆಯ ಕೆಲಸ. ಗೌರವ ಒಂದು ಚೂರೂ ಕಡಿಮೆಯಾಗದೆ ತಡೆಯುತ್ತಿದ್ದ. ಇಪ್ಪತ್ತೇಳನೆಯವರ ಸರದಿ ಬರುವಾಗ ಚಹಾ ಮುಗಿದಿತ್ತು.

ಊರಿನ ನಕಾಶೆ ಬರೆದದ್ದು ಚುನಾವಣೆಯ ಫ್ಲೆಕ್ಸಿನ ಹಿಂಬದಿಯಲ್ಲಿ. ಹರಡಿದರೆ ಅಂಗನವಾಡಿಯ ಗೋಡೆ ತುಂಬುತ್ತಿತ್ತು. ಹೊಳೆ, ಓಣಿ, ಮನೆ, ಗೆರೆಯ ಎತ್ತರ ಎಲ್ಲ ಅದರಲ್ಲಿ. ತಿರುಗಿಸಿದರೆ ಸೋತ ಕ್ಯಾಂಡಿಡೇಟು ಕೈಮುಗಿದು ನಗುತ್ತಿದ್ದರು. ಗಾಳಿ ಬಂದರೆ ಒಮ್ಮೆ ಹೊಳೆ, ಒಮ್ಮೆ ನಗು. ಒಂದು ದಿನ ಕಾಲೇಜಿನ ಟೀಚರೊಬ್ಬರು ಬಂದು ಅರ್ಧ ಗಂಟೆ ಹವಾಮಾನ ನ್ಯಾಯ ಎಂದು ವಿವರಿಸಿದರು. ಪಾಪ, ಒಳ್ಳೆಯವರೇ, ಆದರೆ ನಮಗೆ ನಿದ್ದೆ ಬಂತು. ಅವರು ಕೂತ ಮೇಲೆ ಇವನು ಗಂಟಲು ಸರಿ ಮಾಡಿಕೊಂಡ. "ಟೀಚರ್ ಹೇಳಿದ್ದು ಎಂತ ಅಂದ್ರೆ, ಆಚೆ ಕಲ್ಲು ಹಾಕಿದವರ ಬಾವಿ ಸಿಹಿ ಉಂಟು, ಐಸಮ್ಮನದ್ದು ಉಪ್ಪು. ಹಾಗಾದ್ರೆ ಪೈಪು ಮೊದಲು ಎಲ್ಲಿಗೆ ಬರ್ಬೇಕು?" ಎಲ್ಲರೂ ಐಸಮ್ಮನ ಕಡೆ ನೋಡಿದರು. ಅವಳು ಹೆದರಿ "ನಾನೆಂತ ಮಾಡ್ಲಿಲ್ಲ" ಎಂದಳು.

ಯೋಜನೆಯಲ್ಲಿ ಮೂರು ಹತ್ತು ಇದ್ದವು. ಮೊದಲ ಹತ್ತು ವರ್ಷದಲ್ಲಿ ತೀರಾ ತಗ್ಗಿನವರಿಗೆ ಸಿಹಿನೀರಿನ ಪೈಪು, ಓಣಿಯನ್ನು ಎತ್ತರಿಸುವುದು. ಎರಡನೆಯ ಹತ್ತರಲ್ಲಿ ಅವರಿಗಿಂತ ಮೇಲಿನವರಿಗೆ. ಮೂರನೆಯ ಹತ್ತರಲ್ಲಿ ಉಳಿದವರಿಗೆ. ನಮ್ಮ ಓಣಿ ಮೊದಲ ಹತ್ತರಲ್ಲಿತ್ತು. ನಕಾಶೆಯ ನಕಲು ಪಂಚಾಯತು ಆಫೀಸಿಗೆ ಹೋಗಬೇಕು, ಅಲ್ಲಿಂದ ಬಂದು ಗೋಡೆಯ ಗೆರೆ ನೋಡುತ್ತಾರೆ ಎಂದು ಅವನು ಹೇಳಿದ. ಹೇಳಬಾರದಿತ್ತು.

ಗೆರೆಗಳು ನಡೆಯಲಿಕ್ಕೆ ಶುರುವಾದವು.

ಮೀನಿನ ಲಾರಿಯ ಸುಧಾಕರನಿಗೆ ಮೊದಲ ಹತ್ತರಲ್ಲಿ ಬರಬೇಕು ಎಂದು ಆಸೆ. ಮೊಣಕಾಲಿನಷ್ಟಿದ್ದ ಗೆರೆಗೆ ಸುಣ್ಣ ಹೊಡೆದು ಬಾಗಿಲ ಮೇಲಿನ ಪಟ್ಟಿಗೆ ಏರಿಸಿದ. ಮುಂದಿನ ಸಭೆಯಲ್ಲಿ ಮುಂದಿನ ಕುರ್ಚಿಯಲ್ಲಿ ಬಂದು ಕೂತ. ಗೆರೆಯಣ್ಣ ಕುರ್ಚಿ ಕೊಟ್ಟ. "ಅಷ್ಟು ನೀರಲ್ಲಿ ಉಸಿರು ಎಲ್ಲಿ ತೆಗೆದದ್ದು ಸುಧಾಕರ?" ಎಂದು ಮಾತ್ರ ಕೇಳಿದ. ಸುಧಾಕರ ಮೇಲೆ ಹಂಚಿನ ಕಡೆ ಬೆರಳು ತೋರಿಸಿ "ಮಾಡಿನಲ್ಲಿ" ಎಂದ. ಅದನ್ನೂ ಬರೆದುಕೊಂಡ. ಇನ್ನು ಜಾಗ ಮಾರಬೇಕು ಎಂದಿದ್ದವರು ಗೆರೆಯನ್ನು ಇಳಿಸಿದರು. ಒಬ್ಬರು ಅದರ ಎದುರಿಗೆ ಬಾಳೆಗಿಡ ನೆಟ್ಟರು.

ನಾನು ಇಳಿಸಿದ್ದು ಮೊಮ್ಮಗಳಿಗಾಗಿ. ಲವಿಟಾಳನ್ನು ನೋಡಲಿಕ್ಕೆ ಅಗಲ್ಪಾಡಿಯ ಆಚೆಯಿಂದ ಜನ ಬರುವವರಿದ್ದರು. ಕಿಟಕಿಯ ಹಲಗೆಗೆ ನೀರಿನ ಗೆರೆ ಇರುವ ಮನೆಯ ಹುಡುಗಿಯನ್ನು ಯಾರು ಒಪ್ಪುತ್ತಾರೆ? ಹುಡುಗಿಗೆ ಈಜು ಬರುತ್ತದಾ ಎಂದು ಕೇಳಿಯಾರು. ಸುಣ್ಣ ಕಲಸಿ ಅಳಿಸಿದೆ, ಪಾದದ ಮಟ್ಟಕ್ಕೆ ಹೊಸ ಗೆರೆ ಎಳೆದೆ. ಪೂರ್ತಿ ತೆಗೆದರೆ ಗೆರೆಯಣ್ಣ ಕೇಳುತ್ತಾನಲ್ಲ, ಅದಕ್ಕೆ ನಾಲ್ಕು ಗೇಣು ಮಾತ್ರ ಇಳಿಸಿದ್ದು. ಆ ದಿನ ಹುಡುಗನ ಚಿಕ್ಕಮ್ಮ ಜಗಲಿಯಲ್ಲಿ ಕೂತು ಗೋಡೆ ನೋಡಿದಳು.

"ಇದೆಂತ ಬಾಯಮ್ಮ, ನೀಲಿ?"

"ಡಿಸೈನ್" ಎಂದೆ.

"ಒಳ್ಳೇದುಂಟು" ಎಂದಳು. ಸಂಬಂಧ ಕೂಡಿಬಂತು. ನಾವು ಅವರ ಮನೆಗೆ ಹೋದಾಗ ಬಾವಿಯಲ್ಲಿ ನೀರು ಥಳಥಳ. ಮಾರ್ಚ್ ತಿಂಗಳಲ್ಲಿ ಅಷ್ಟು ನೀರು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಮದುವೆಯಾಗಿ ತಿಂಗಳು ಕಳೆದ ಮೇಲೆ ಲವಿಟಾ ಫೋನು ಮಾಡಿ ಹೇಳಿದಳು, ಆ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ನಾವು ಬರುವ ದಿನ ಬೆಳಿಗ್ಗೆ ಟ್ಯಾಂಕರಿನ ನೀರು ಹೊಯ್ಯಿಸಿದ್ದರಂತೆ. ಒಳ್ಳೆಯ ಜೋಡಿ ಮನೆತನ ಎಂದುಕೊಂಡೆ.

ಗೆರೆ ಇಳಿಸಿದ ಮರುವಾರ ಸಭೆಗೆ ಹೋಗಿ ಎಂದಿನಂತೆ ಎರಡನೆಯ ಸಾಲಿನಲ್ಲಿ ಕೂರಲು ಹೊರಟೆ. ಅವನು ಪಟ್ಟಿ ನೋಡಿದ.

"ಬಾಯಮ್ಮ, ನಿಮ್ಮ ಗೆರೆ ಈಗ ಪಾದಕ್ಕೆ ಉಂಟು. ನೀವು ಹಿಂದೆ."

"ಹಿಂದೆ ಕುರ್ಚಿ ಎಲ್ಲಿ ಉಂಟು?"

"ಇಲ್ಲ. ನಿಲ್ಬೇಕು."

ನಿಂತೆ. ವಕೀಲರ ಪಕ್ಕದಲ್ಲಿ. ಅವರು "ನಿಮಗೂ ಪ್ರಮೋಷನ್ ಆಯ್ತಾ ಬಾಯಮ್ಮ?" ಎಂದರು. ಆಮೇಲಿನ ಆದಿತ್ಯವಾರಗಳಲ್ಲೂ ಹಾಗೇ ನಿಂತೆ. ಮೊಣಕಾಲು ಉರಿಯುತ್ತಿತ್ತು, ಹೇಳುವ ಹಾಗಿಲ್ಲ. ಯಾರು ಅಳಿಸಿದ್ದು, ಎಂತಕ್ಕೆ ಎಂದು ಅವನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಗಳ ಮಾಡಬಹುದಿತ್ತು.

ಆಮೇಲೆ ಆಫೀಸಿನಿಂದ ಎಂಜಿನಿಯರು ಬಂದರು, ಗೋಡೆಗಳನ್ನು ನೋಡಿ ಹೋದರು. ತಿಂಗಳ ನಂತರ ಆಫೀಸಿನ ಭಾಷೆಯಾದ ಮಲಯಾಳದಲ್ಲಿ ಒಂದು ಕಾಗದ ಬಂತು. ಗೆರೆಯಣ್ಣ ಅದನ್ನು ಸಭೆಯಲ್ಲಿ ಓದಿ ಅರ್ಥ ಹೇಳಿದ. ಈ ಊರಿನಲ್ಲಿ ನೀರು ತಗ್ಗಿನಿಂದ ಎತ್ತರಕ್ಕೆ ಹರಿದ ಹಾಗೆ ಕಾಣುತ್ತದೆ. ಲಾರಿಯವರ ಎತ್ತರದ ಮನೆ ಮುಳುಗಿದೆ. ಓಣಿಯ ಬಾಯಿಯ ಮನೆಗೆ ಪಾದದಷ್ಟು ನೀರು, ಹಾಗಿರುವಾಗ ಅದರ ಒಳಗಿನ ಮನೆಗಳಲ್ಲಿ ಕುತ್ತಿಗೆಯವರೆಗೆ ಎಂಬುದು ನಂಬುವ ಹಾಗಿಲ್ಲ. ಆದ್ದರಿಂದ ಓಣಿಯನ್ನು ಮೂರನೆಯ ಹತ್ತಕ್ಕೆ ಹಾಕಲಾಗಿದೆ. ಬೇಕಿದ್ದರೆ ಮನೆಯವರೇ ಗೆರೆ ಸರಿಮಾಡಿ, ಸಹಿ ಹಾಕಿ, ಮುಂದಿನ ಗ್ರಾಮಸಭೆಯೊಳಗೆ ಕೊಡಬಹುದು.

ಓಣಿಯ ಬಾಯಿಯ ಮನೆ ನನ್ನದು.

ಐಸಮ್ಮ ಕೈ ಇರುವ ಕುರ್ಚಿಯಲ್ಲಿ ಕೂತು ಬೆರಳು ಮಡಚಿದಳು. "ಮೂರನೇ ಹತ್ತು ಬರುವಾಗ ನನಗೆ ಎಂಬತ್ತು ದಾಟ್ತದೆ. ಆಗ ಪೈಪು ಎಂತಕ್ಕೆ? ಬಾಯಿಗೆ ಬಿಡ್ಲಿಕ್ಕೆ ಎರಡು ಸ್ಪೂನು ನೀರು ಸಾಕು." ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದೆ ನಿಂತವರ ಮುಖ ಮುಂದಿನವರಿಗೆ ಕಾಣುವುದಿಲ್ಲ, ಅದೊಂದು ಅನುಕೂಲ.

ಗೆರೆಯಣ್ಣ ಕಾಗದವನ್ನು ಮಡಚದೆ ಎದೆಗೆ ಒತ್ತಿಕೊಂಡು ಹೇಳಿದ: "ನಾನು ಬಂದು ಎಳೆದ್ರೆ ಅದು ನನ್ನ ಯೋಜನೆ ಆಗ್ತದೆ. ಗೋಡೆ ನಿಮ್ಮದು. ಪೈಂಟು, ಬ್ರಷ್ಷು ನನ್ನ ಜಗಲಿಯಲ್ಲಿ ಉಂಟು. ಮಧ್ಯಾಹ್ನ ನಾನು ಮಲಗ್ತೇನೆ. ಯಾರು ತಗೊಂಡು ಹೋದ್ರು ಅಂತ ನೋಡುದಿಲ್ಲ."

ಯಾರೂ ಹೋಗಲಿಲ್ಲ. ನಾನು ಒಮ್ಮೆ ಹೋದೆ. ಬ್ರಷ್ಷಿಗೆ ಕೈ ಹಾಕುವಾಗ ಅವನ ಹೆಂಡತಿ ಹೊರಗೆ ಬಂದಳು.

"ಎಂತ ಬಾಯಮ್ಮ?"

"ನಾಲ್ಕೆಲೆ ಕರಿಬೇವು" ಎಂದೆ. ನನ್ನ ಅಂಗಳದಲ್ಲಿ ಕರಿಬೇವಿನ ಮರವೇ ಇದೆ, ಅದರಿಂದ ಅವಳೇ ವಾರಕ್ಕೊಮ್ಮೆ ಕೊಯ್ಯುತ್ತಾಳೆ. ಮರುದಿನ ದಾರಿಯಲ್ಲಿ ಗೆರೆಯಣ್ಣ "ಕರಿಬೇವು ಸಾಕಾಯ್ತಾ?" ಎಂದು ಕೇಳಿದ. ಮುಖದಲ್ಲಿ ಏನೂ ಇರಲಿಲ್ಲ. ಅದು ಪ್ಯೂನಿನ ಮುಖ. ಒಳಗೆ ಸಾಹೇಬರು ಸಿಟ್ಟಿನಲ್ಲಿದ್ದಾರೋ ನಗುತ್ತಿದ್ದಾರೋ ಹೊರಗಿನವರಿಗೆ ಗೊತ್ತಾಗಬಾರದು.

ಲವಿಟಾಳ ಮದುವೆ ಮುಗಿಯಲಿ ಎಂದುಕೊಂಡೆ. ಮುಗಿಯಿತು. ಮಳೆಗಾಲ ಕಳೆಯಲಿ ಎಂದುಕೊಂಡೆ. ಕಳೆಯಿತು. ಅಷ್ಟರಲ್ಲಿ ಅವನನ್ನು ಮಂಗಳೂರಿನ ಆಸ್ಪತ್ರೆಗೆ ಹಾಕಿದರು. ನೋಡಲು ಹೋದೆ. ಹಾಸಿಗೆಯ ಪಕ್ಕ ಅವನ ಹೆಂಡತಿ ಬೈಯುತ್ತಾ ಕೂತಿದ್ದಳು: "ಮೂವತ್ತು ವರ್ಷದ ಆಚೆಯ ನೀರು ಕಾಣ್ತದೆ, ಒಲೆಯಲ್ಲಿ ಹಾಲು ಉಕ್ಕಿದ್ರೆ ಕಾಣುದಿಲ್ಲ. ಹಲ್ವ ಮಾತ್ರ ಕತ್ತಲೆಯಲ್ಲೂ ಕಾಣ್ತದೆ." ಅವನು ಕಣ್ಣು ತೆರೆದು ನನ್ನನ್ನು ನೋಡಿದ.

"ಮೊಣಕಾಲು ಹೇಗುಂಟು ಬಾಯಮ್ಮ?"

"ನೋಯ್ತದೆ."

"ಎರಡನೇ ಸಾಲಲ್ಲಿ ನಿಮ್ಮ ಕುರ್ಚಿ ಹಾಗೇ ಉಂಟು. ಯಾರಿಗೂ ಕೊಡ್ಲಿಲ್ಲ."

"ಮಲಗು ಮಾರಾಯ" ಎಂದು ಬಂದೆ. ಅದೇ ಕೊನೆಯ ಮಾತು.

ಹದಿಮೂರನೆಯ ದಿನದ ಊಟಕ್ಕೆ ಊರಿಡೀ ಸೇರಿತ್ತು. ಅಂಗಳದಲ್ಲಿ ಚಪ್ಪರ, ಒಳ್ಳೆಯ ಊಟ, ಪಾಯಸವೂ ಇತ್ತು. ಅವನಿದ್ದಿದ್ದರೆ ಮೂರು ಸಲ ಹಾಕಿಸಿಕೊಳ್ಳುತ್ತಿದ್ದ. ಕೈ ತೊಳೆಯುವಲ್ಲಿ ಮಾತು ಯೋಜನೆಯ ಕಡೆಗೆ ಹೋಯಿತು. ಗ್ರಾಮಸಭೆ ಬರುವ ಆದಿತ್ಯವಾರ.

"ಇನ್ನು ಬಿಟ್ಬಿಡುವ" ಎಂದರು ವಾರ್ಡ್ ಮೆಂಬರು. "ಸರಿಯಾದ ಅಳತೆ ಗೊತ್ತಿದ್ದದ್ದು ಅವರಿಗೆ ಒಬ್ಬರಿಗೆ. ಅವರೇ ಇಲ್ಲ. ಯಾರ ಗೆರೆ ಎಲ್ಲಿತ್ತು ಅಂತ ಈಗ ಯಾರು ಹೇಳ್ತಾರೆ?"

"ಹೌದು ಹೌದು" ಎಂದ ಸುಧಾಕರ, ಎಲ್ಲರಿಗಿಂತ ಬೇಗ.

ಐಸಮ್ಮನಿಗೆ ಹೊತ್ತಾಗಿತ್ತು, ಸಂಜೆಯ ಕೊಡ ತರಬೇಕಿತ್ತು. ಎದ್ದು ಗುಡ್ಡೆಯ ಕಡೆ ಹೊರಟಳು. ನಾನು ಅವಳ ಬೆನ್ನು ನೋಡುತ್ತಾ ಚಪ್ಪರದ ಕಂಬಕ್ಕೆ ಕೈ ಕೊಟ್ಟು ನಿಂತೆ. ಕೈಗೆ ಏನೋ ಅಂಟಿತು. ಪ್ಲಾಸ್ಟರು.

ನೋಡಿದರೆ ಅದು ಅವನ ಗಳ. ಚಪ್ಪರ ಹಾಕಿದವರಿಗೆ ಒಂದು ಕಂಬ ಕಡಿಮೆಯಾಗಿತ್ತು, ಮಾಡಿನ ಅಡಿಯಿಂದ ಎಳೆದು ನಿಲ್ಲಿಸಿದ್ದಾರೆ. ಬುಡದಿಂದ ತುದಿಯವರೆಗೆ ಪ್ಲಾಸ್ಟರಿನ ಸುತ್ತುಗಳು, ಬಿಳಿ ಹೋಗಿ ಹಳದಿಯಾಗಿವೆ. ಒಂದೊಂದರ ಮೇಲೂ ಪಂಚಾಯತಿನ ಮನೆ ನಂಬರು, ಅಳಿಯದ ಶಾಯಿಯಲ್ಲಿ. ಸುಧಾಕರನದು ಮೊಣಕಾಲಿಗೆ. ಐಸಮ್ಮನದು ಮೇಲೆ, ನನ್ನ ಕುತ್ತಿಗೆಗೆ ಸರಿಯಾಗಿ. ನನ್ನ ನಂಬರು ಸೊಂಟದ ಹತ್ತಿರ, ಕೈ ಇಟ್ಟಲ್ಲೇ ಇತ್ತು. ಗೋಡೆಯ ಮೇಲಿದ್ದದ್ದು ನಕಲು. ನಾವೆಲ್ಲ ಕಷ್ಟಪಟ್ಟು ಸುಣ್ಣ ಹೊಡೆದದ್ದು ನಕಲಿಗೆ. ಅಸಲನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ.

ಆಗ ಯಾರಿಗೂ ಹೇಳಲಿಲ್ಲ. ಹೇಳಿದರೆ ಸುಧಾಕರ ಆ ಗಳವನ್ನು ಸೌದೆ ಮಾಡಿಯಾನು ಎಂದು ಹೆದರಿಕೆ. ಇನ್ನೊಂದು ಬಟ್ಟಲು ಪಾಯಸ ಕುಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕೋಳಿ ಬಿಟ್ಟು, ಮೀನಿನ ಕತ್ತಿ ಹಿಡಿದುಕೊಂಡು ಅವರ ಅಂಗಳಕ್ಕೆ ಹೋದೆ. ಗಳಕ್ಕೆ ಕಟ್ಟಿದ ಹಗ್ಗ ಕೊಯ್ದೆ. ಅವನ ಹೆಂಡತಿ ಹಲ್ಲುಜ್ಜುತ್ತಾ ಓಡಿ ಬಂದಳು.

"ಬಾಯಮ್ಮ, ಚಪ್ಪರ ಬೀಳ್ತದೆ!"

"ಊಟ ಆಯ್ತಲ್ಲ, ಬೀಳ್ಲಿ."

ಒಂದು ಬದಿ ಬಿತ್ತು. ಅವಳು ಬಾಯಿಯ ನೊರೆ ಉಗಿದು ಗಳ ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಪೈಂಟು ಬ್ರಷ್ಷು ತಂದು ಕೊಟ್ಟಳು. "ಕರಿಬೇವು ಬೇಡವಾ?" ಎಂದಳು. ಅವಳೂ ಅವನ ಜೊತೆ ಇದ್ದು ಕಲಿತಿದ್ದಾಳೆ.

ಮನೆಗೆ ಬಂದು ಗಳದ ಬುಡ ತೊಳೆದು ಗೋಡೆಗೆ ನಿಲ್ಲಿಸಿದೆ. ಕಿಟಕಿಯ ಹಲಗೆಗೆ ಸರಿಯಾಗಿ, ಮೊದಲಿಗಿಂತ ದಪ್ಪ ಗೆರೆ ಎಳೆದೆ. ಅದು ಒಣಗುವ ಮೊದಲು ಲವಿಟಾಳಿಗೆ ಫೋನು ಮಾಡಿ, "ನಿನ್ನ ಗಂಡನ ಚಿಕ್ಕಮ್ಮನಿಗೆ ಹೇಳು, ಅದು ಡಿಸೈನ್ ಅಲ್ಲ" ಎಂದೆ. ಐಸಮ್ಮ ಮೊದಲ ಕೊಡ ಹೊತ್ತು ಬರುತ್ತಿದ್ದವಳು ಓಣಿಯ ಬಾಯಿಯಲ್ಲಿ ನಿಂತು ಗೋಡೆ ನೋಡಿದಳು. ಯಾರು ಅಳಿಸಿದ್ದು ಎಂದು ಅವಳಿಗೆ ಎಂದೋ ಗೊತ್ತಿರಬೇಕು.

"ಈಗ ಸರಿ ಉಂಟು" ಎಂದಳು. ಕೊಡ ಇಳಿಸಿ ಪೈಂಟಿನ ಡಬ್ಬ ತೆಗೆದುಕೊಂಡಳು.

ಗಳ ನಾನು ಹೊತ್ತೆ. ಇಬ್ಬರೂ ಮೀನಿನ ಲಾರಿ ನಿಲ್ಲಿಸಿದ ಮನೆಗೆ ಹೋದೆವು. ಬಾಗಿಲು ತೆರೆದೇ ಇತ್ತು. ಗಳದ ತುದಿಯಿಂದ ಎರಡು ಸಲ ತಟ್ಟಿದೆ. ಸುಧಾಕರ ಲುಂಗಿ ಬಿಗಿದುಕೊಳ್ಳುತ್ತಾ ಹೊರಗೆ ಬಂದ.

"ಎಂತ ಬಾಯಮ್ಮ, ಬೆಳಿಗ್ಗೆಯೇ?"

"ನಿನ್ನ ಕುರ್ಚಿ ಹಿಂದೆ ಹೋಗ್ತದೆ ಮಾರಾಯ. ಮನೆಯಲ್ಲಿ ಸುಣ್ಣ ಉಂಟಾ?"